ಮೂಲೆ ಬಿಚ್ಚಿದ ಕೌದಿ

ಪ್ರೇಮವ್ವನಿಗೆ ಯೆರೂಸಲೇಮೇನೂ ಅಷ್ಟು ಮುಖ್ಯವಾಗಿರಲಿಲ್ಲ. ಸಭೆಯವರು ಕೇಳಿದರೆ ಹೌಹಾರಿಯಾರು, ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ. ಬೇತ್ಲೆಹೇಮು, ಯೊರ್ದನ್ ಹೊಳೆ, ಎಣ್ಣೇಮರಗಳ ಗುಡ್ಡ ಎಲ್ಲ ಅವಳಿಗೆ ಬಾಯಿಪಾಠ. ಕಣ್ಣಾರೆ ಕಂಡರೆ ಒಳ್ಳೆಯದೇ, ಕಾಣದಿದ್ದರೂ ನಡೆದೀತು. ಅವಳಿಗೆ ಬೇಕಾಗಿದ್ದದ್ದು ಆ ದೇಶದ ರಾಮ್ಲೆ ಎಂಬ ಊರು. ಅಲ್ಲಿ ದಂಡಿನವರನ್ನು ಹೂಳಿದ ಜಾಗದಲ್ಲಿ ಅವಳ ಗಂಡ ದಾನಿಯೇಲಪ್ಪ ಮಲಗಿ ಹದಿನೇಳು ವರ್ಷವಾಗಿತ್ತು.

ದಾನಿಯೇಲಪ್ಪ ಬೆಟಗೇರಿಯ ನೇಕಾರ. ಮಗ್ಗ ಹೊಟ್ಟೆಗೆ ಸಾಲದೆ ಹೆಂಡತಿ ಮಗನನ್ನು ಕಟ್ಟಿಕೊಂಡು ಪುಣೆಗೆ ಬಂದು, ದಂಡಿನ ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಕೆಲಸಕ್ಕೆ ಸೇರಿದ. ದೊಡ್ಡ ಯುದ್ಧದಲ್ಲಿ ಆಸ್ಪತ್ರೆಯ ಜೊತೆಗೆ ಅವನನ್ನೂ ಹಡಗು ಹತ್ತಿಸಿದರು. ಕಂಡವರ ಗಾಯ ಕಟ್ಟುತ್ತ ಕಟ್ಟುತ್ತ ತಾನು ಜ್ವರ ಬಂದು ತೀರಿಕೊಂಡ. ಸುದ್ದಿ ಬಂದಾಗ ಪ್ರೇಮವ್ವ ರಾಸ್ತಾ ಪೇಠೆಯ ವಾಡೆಯ ನಳದಲ್ಲಿ ಕೊಡ ತುಂಬಿಸುತ್ತಿದ್ದಳು. ಮುಖ ನೋಡಲಿಲ್ಲ, ಹಿಡಿ ಮಣ್ಣು ಹಾಕಲಿಲ್ಲ. ತುಂಬಿದ ಕೊಡ ಎತ್ತಿಕೊಂಡು ಒಳಗೆ ಹೋಗಿ ಮಗನಿಗೆ ಅಡಿಗೆ ಮಾಡಬೇಕಾಯಿತು. ಆಮೇಲೆ ಹತ್ತು ಮನೆಗಳಿಗೆ ಹಳೆಯ ಬಟ್ಟೆಯ ಕೌದಿ ಹೊಲಿದು ಆ ಮಗನನ್ನು ಓದಿಸಿದಳು. ಲೋಕನಾಥ ಈಗ ಸರಕಾರಿ ಕಚೇರಿಯಲ್ಲಿ ಕ್ಲಾರ್ಕ, ಸಭೆಯಲ್ಲಿ ಹಿರಿಯ, ಕೋಟು ಹಾಕದೆ ಕಾಯಿಪಲ್ಲೆ ತರಲಿಕ್ಕೂ ಹೋಗದವನು.

ಪುಣೆಯ ಕನ್ನಡ ಕ್ರೈಸ್ತರ ಸಭೆ ಎಂದರೆ ಬೆರಳೆಣಿಕೆಯ ಮನೆಗಳು. ಮರಾಠಿಯವರ ಆರಾಧನೆ ಮುಗಿದ ಮೇಲೆ ಅದೇ ಗುಡಿಯಲ್ಲಿ, ಇನ್ನೂ ಬೆಚ್ಚಗಿದ್ದ ಬೆಂಚುಗಳ ಮೇಲೆ ಇವರು ಕೂತುಕೊಳ್ಳುವುದು. ಸ್ವಂತ ಪಾದ್ರಿಯಿಲ್ಲ. ಸತ್ಯಮಿತ್ರ ಅಯ್ಯನವರು ಮೂರು ನಾಲ್ಕು ತಿಂಗಳಿಗೊಮ್ಮೆ ಬೆಳಗಾವಿಯಿಂದ ಬಂದು, ರೊಟ್ಟಿ ದ್ರಾಕ್ಷಾರಸದ ಕರ್ತನ ಭೋಜನ ಕೊಟ್ಟು ಹೋಗುವರು. ಮೂವತ್ತೈದನೆಯ ಇಸವಿಯ ಜನವರಿಯಲ್ಲಿ ಬಂದವರು ಒಂದು ಸುದ್ದಿ ತಂದರು. ಈಸ್ಟರಿಗೆ ಪುಣೆಯ ಸಭೆಗಳವರು ಕೂಡಿ ಪರಿಶುದ್ಧ ದೇಶಕ್ಕೆ ಯಾತ್ರೆ ಹೊರಡುತ್ತಾರೆ, ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬಳ ಖರ್ಚನ್ನು ಮಿಶನ್ನಿನವರೇ ನೋಡಿಕೊಳ್ಳುತ್ತಾರೆ, ಅದಕ್ಕೆ ಪ್ರೇಮವ್ವನ ಹೆಸರು ಕೊಟ್ಟಿದ್ದೇನೆ ಎಂದರು. ರಾಮ್ಲೆಗೂ ಹೋಗಬಹುದೇ ಎಂದು ಅವಳು ಕೇಳಿದಳು. ಅದು ದಾರಿಯಲ್ಲೇ ಇದೆ ಎಂದರು.

ಅವತ್ತೇ ಸಂಜೆ ಟ್ರಂಕಿನ ತಳದಿಂದ ದಾನಿಯೇಲಪ್ಪನ ಅಂಗಿಗಳು ಹೊರಬಿದ್ದವು. ಅವನ್ನು ಕತ್ತರಿಸಿ ಕೌದಿ ಹೊಲಿಯಲು ಕೂತಳು. ಆ ಗೋರಿಯ ಮುಂದೆ ಹಾಸಿ, ಅದರ ಮೇಲೆ ಮಂಡಿಯೂರಬೇಕು. ಅವಳ ತವರಿನ ಕಡೆ ಕೌದಿಯ ಹೊಟ್ಟೆ ಖಾಲಿ ಇರಬಾರದೆಂದು, ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೊಂದು ಚೂರು ರೊಟ್ಟಿ ಇಡುತ್ತಾರೆ. ಇದು ಅನ್ಯರ ಪದ್ಧತಿಯೆಂದು ಹಳೆಯ ಅಯ್ಯನವರೊಬ್ಬರು ಬೈದಿದ್ದರು. ಪ್ರೇಮವ್ವ ಬೈಸಿಕೊಂಡು ಬಂದು ಇಡುತ್ತಲೇ ಇದ್ದಳು. ಈ ಕೌದಿಯ ಮೂಲೆ ಮಾತ್ರ ಹಾಗೇ ತೆರೆದಿಟ್ಟಳು. ಅಲ್ಲಿಯ ಚಿಟಿಕೆ ಮಣ್ಣು ತುಂಬಿ ಅಲ್ಲೇ ಹೊಲಿದು ತರುವುದು ಅವಳ ಲೆಕ್ಕ.

ಕಣ್ಣಿನ ರೋಗ ಇದ್ದವರನ್ನು ಬಂದರಿನಿಂದಲೇ ಹೊರಳಿಸಿ ಕಳಿಸುತ್ತಾರೆಂದು ಹೊರಡುವವರಿಗೆಲ್ಲ ಡಾಕ್ಟರ ಪರೀಕ್ಷೆ ಇತ್ತು. ಲೋಕನಾಥ ತಾಯಿಯನ್ನು ಟಾಂಗಾದಲ್ಲಿ ದಂಡಿನವರ ಕ್ಯಾಂಪಿಗೆ ಕರೆದುಕೊಂಡು ಹೋದ. ಡಾಕ್ಟರು ರೆಪ್ಪೆ ಮಗುಚಿ ನೋಡಿ ಮಗನ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದರು, ನಕ್ಕರು, ಪ್ರೇಮವ್ವನ ಬೆನ್ನು ತಟ್ಟಿದರು. ಏನಂದರು ಎಂದರೆ ಮನೆಗೆ ಹೋಗಿ ಹೇಳುತ್ತೇನೆಂದ. ರಾತ್ರಿ ಊಟಕ್ಕೆ ಕೂತಾಗ ಸೊಸೆ ಸ್ವರ್ಣಲತಾ ಅತ್ತೆಯ ರೊಟ್ಟಿಗೆ ಎಂದಿಗಿಂತ ದೊಡ್ಡ ಬೆಣ್ಣೆಯ ಮುದ್ದೆ ಹಾಕಿದಳು.

"ಅವ್ವಾ, ಡಾಕ್ಟರು ಬ್ಯಾಡ ಅಂದ್ರು," ಎಂದ ಲೋಕನಾಥ, ತಾಟಿನ ಮೇಲಿಂದ ಮುಖ ಎತ್ತದೆ. "ಕಣ್ಣಾಗ ಪೊರಿ ಬರ್ಲಿಕ್ಕೆ ಹತ್ತ್ಯದಂತ. ಸಮುದ್ರದ ಬಿಸಲು, ಉಪ್ಪಿನ ಗಾಳಿ ಬಡದ್ರ ಪೂರಾ ಹೋಗ್ತಾವಂತ."

"ನಂಗ ಎಲ್ಲಾ ಕಾಣಸ್ತದಲ್ಲೋ ಲೋಕಪ್ಪಾ."

"ಈಗ ಕಾಣಸ್ತದ. ಮುಂದಿಂದು ಡಾಕ್ಟರಿಗೆ ಗೊತ್ತು."

ಪ್ರೇಮವ್ವ ರೊಟ್ಟಿಯನ್ನು ಮುರಿದಳು, ತಿನ್ನಲಿಲ್ಲ. ಮುಂದಿನ ವಾರ ಲೋಕನಾಥ ಕಚೇರಿಯ ಕೆಲಸವೆಂದು ಬೆಳಗಾವಿಗೆ ಹೋಗಿ ಬಂದ. ಬರುವಾಗ ತಾಯಿಗೊಂದು ಶಹಾಪುರದ ಸೀರೆ ತಂದ. ಎಂದೂ ಇಲ್ಲದ್ದು, ಏನಪ್ಪಾ ವಿಶೇಷ ಎಂದರೆ, ಸುಮ್ಮನೆ ಎಂದ. ಜಾಗ ಹೇಗೂ ಖಾಲಿ ಬೀಳುತ್ತದೆ, ಸತ್ತವರ ಮಗ ಹೋದರೂ ಆದೀತಂತೆ ಎಂದು ಸ್ವರ್ಣಲತಾ ಕಾಯಿಪಲ್ಲೆ ಹೆಚ್ಚುತ್ತ ಮಾತು ತೆಗೆದಳು. ಪ್ರೇಮವ್ವನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಯಾರಾದರೊಬ್ಬರು ಮನೆಯವರು ಅಲ್ಲಿ ಮಂಡಿಯೂರಿದರೆ ಸಾಕಾಗಿತ್ತು. ಕೌದಿಯನ್ನು ಮಡಿಸಿ, ತೆರೆದ ಮೂಲೆಗೆ ದಾರ ಪೋಣಿಸಿದ ಸೂಜಿ ಚುಚ್ಚಿ, ಮಗನ ಕೈಗಿಟ್ಟಳು.

"ಬ್ಯಾರೆ ಏನೂ ತರಬ್ಯಾಡ ನಂಗ," ಎಂದಳು. "ಇದನ್ನ ಹಾಸಿ ನಿಮ್ಮಪ್ಪನ ಮುಂದ ಮಂಡಿ ಊರು. ಈ ಮೂಲ್ಯಾಗ ಅಲ್ಲಿ ಮಣ್ಣು ಹಾಕಿ ಹೊಲಕೊಂಡು ಬಾ. ಅಷ್ಟ."

"ಅಪ್ಪನ ಗೋರಿ ಮುಟ್ಟದ ಬರಾಂಗಿಲ್ಲವ್ವ," ಎಂದ ಮಗ. ಅವನ ಕಣ್ಣಲ್ಲಿ ನೀರೂ ಬಂತು. ಬಂದದ್ದು ಸುಳ್ಳಲ್ಲ ಎಂದು ಈಗಲೂ ಹೇಳುತ್ತೇನೆ. ಕೆಲವರಿಗೆ ಕಣ್ಣೀರು ಬಹಳ ಸಲೀಸು.

ಮಾರ್ಚಿನ ಕೊನೆಗೆ ಅವನು ಮುಂಬಯಿಗೆ ಹೊರಟು ಹೋದ. ಮನೆಯಲ್ಲಿ ಉಳಿದವರು ಅತ್ತೆ, ಸೊಸೆ, ಹತ್ತು ವರ್ಷದ ಮೊಮ್ಮಗಳು ಇಂದೂ. ಪ್ರೇಮವ್ವ ಕಣ್ಣಿನ ಮೇಲೆ ಭರವಸೆ ಬಿಟ್ಟಳು. ಬೈಬಲನ್ನು ಬಟ್ಟೆಯಲ್ಲಿ ಸುತ್ತಿ ಗೋಡೆಯ ಮಾಡಿನಲ್ಲಿಟ್ಟು, ಇಂದೂ ಶಾಲೆಯಿಂದ ಬಂದು ಓದಿದರೆ ಕೇಳುವಳು. ಬಂದ ಕೌದಿಯ ಕೆಲಸಗಳನ್ನು ಕೈಮುಗಿದು ವಾಪಸು ಕಳಿಸಿದಳು. ನಳಕ್ಕೆ ಹೋಗುವಾಗ ಗೋಡೆಗೆ ಕೈ ತಾಗಿಸಿಕೊಂಡು ನಡೆಯುವಳು. ಬೆಳಗಾದರೆ ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಬಾಗಿಲ ಚೌಕಟ್ಟು ನೋಡಿ, ನಿನ್ನೆಗಿಂತ ಮಬ್ಬಾಯಿತೇ ಎಂದು ಹೋಲಿಸುವಳು. ನೋಡಿ ನೋಡಿ ಅದು ನಿಜವಾಗಿಯೂ ಮಬ್ಬಾಗತೊಡಗಿತು.

ಈಸ್ಟರಿನ ಹಿಂದುಮುಂದು ಒಂದು ಮಧ್ಯಾಹ್ನ ಸ್ವರ್ಣಲತಾ ಅಕ್ಕಿಯ ಮೊರ ತಂದು ಅತ್ತೆಯ ಮುಂದೆ ಇಟ್ಟಳು. ಪ್ರೇಮವ್ವ ಅದನ್ನು ಹಿಂದಕ್ಕೆ ಸರಿಸಿ, ಕಲ್ಲು ಯಾವುದು ಅಕ್ಕಿ ಯಾವುದು ತನಗೆ ತಿಳಿಯುವುದಿಲ್ಲ, ನಾಳೆ ಮಗುವಿನ ಹಲ್ಲು ಮುರಿದರೆ ತನ್ನನ್ನೇ ಅಂದಾರು ಎಂದಳು.

"ಎಲ್ಲಾ ಕಾಣಸ್ತಾವ ನಿಮಗ," ಎಂದು ಸ್ವರ್ಣಲತಾ ಸಿಡುಕಿದಳು. "ಸುಮ್ಮನ ಹಸನ ಮಾಡ್ರಿ. ಒಬ್ಬಾಕೀನ ಎಷ್ಟಂತ ಮಾಡ್ಲಿ ನಾ."

ಅಂದವಳೇ ನಾಲಿಗೆ ಕಚ್ಚಿಕೊಂಡು, ಮೊರವನ್ನು ಎತ್ತಿಕೊಂಡು ಹೊರಗೆ ಹೋದಳು. ಪ್ರೇಮವ್ವ ಅವತ್ತು ಊಟ ಬಿಟ್ಟಳು. ಕಣ್ಣು ಹೋಗುತ್ತಿರುವ ಮುದುಕಿಯ ಮೇಲೆ ಸೊಸೆಗೆ ಇಷ್ಟೂ ಕರುಣೆ ಇಲ್ಲವಲ್ಲ ಎಂದು ಅವಳ ದುಃಖ. ಸಂಜೆ ಸ್ವರ್ಣಲತಾ ಬಿಸಿ ಝುಣಕ ಮಾಡಿ, ತಾನೇ ತುತ್ತು ಮಾಡಿ ಬಾಯಿಗಿಡಲು ಬಂದಳು. ಮುದುಕಿ ಕರಗಿತು. ಸೊಸೆಗೆ ಕೋಪ ಜಾಸ್ತಿ, ಮನಸ್ಸು ಒಳ್ಳೆಯದು ಎಂದುಕೊಂಡಿತು. ಏನು ಮಾಡುವುದು, ಒಂದೇ ಗೂಡಿನಲ್ಲಿ ಇರುವವರನ್ನು ನಂಬದೆ ಬದುಕುವುದು ಹೇಗೆ.

ಮೇ ತಿಂಗಳಲ್ಲಿ ಲೋಕನಾಥ ಹಿಂದಿರುಗಿದ. ಸ್ಟೇಷನ್ನಿನಲ್ಲಿ ಹಾರ ಹಾಕಿದರು. ಟ್ರಂಕಿನಿಂದ ಯೊರ್ದನ್ ನೀರಿನ ಬಾಟಲಿ, ಎಣ್ಣೇಮರದ ಶಿಲುಬೆಗಳು, ಮುತ್ತಿನ ಚಿಪ್ಪಿನ ಗುಂಡಿಗಳು ಹೊರಬಂದವು. ಕೊನೆಗೆ ಕಾಗದದಲ್ಲಿ ಸುತ್ತಿದ ಒಂದು ಫೋಟೋ. ತಲೆಗೆ ಅರಬರ ರುಮಾಲು ಕಟ್ಟಿ, ಕೋಟಿನ ಮೇಲೆ ನಿಲುವಂಗಿ ತೊಟ್ಟು, ಒಂಟೆಯ ಮೇಲೆ ಕೂತ ಲೋಕನಾಥ. ಒಂಟೆಯ ಮುಖದಲ್ಲೂ ಅಷ್ಟು ಗತ್ತಿರಲಿಲ್ಲ. ಕಟ್ಟು ಹಾಕಿಸಿ ಅದನ್ನು ಹೊರಗಿನ ಖೋಲಿಯ ಗೋಡೆಗೆ ತೂಗಿದರು.

ಪ್ರೇಮವ್ವ ಕೌದಿಯನ್ನಷ್ಟೇ ಎತ್ತಿಕೊಂಡಳು. ಮೂಲೆ ಹೊಲಿದಿತ್ತು. ಬೆರಳಿನಿಂದ ಒತ್ತಿದರೆ ಒಳಗೆ ಮಣ್ಣು ಕರಕರ ಎಂದಿತು. ಅದನ್ನು ಎದೆಗೊತ್ತಿಕೊಂಡು, ಹದಿನೇಳು ವರ್ಷದ ಹಿಂದೆ ನಳದ ಹತ್ತಿರ ಅಳದೆ ಉಳಿದದ್ದನ್ನು ಅತ್ತಳು. ಗೋರಿ ಹೇಗಿದೆ, ನೆರಳಿದೆಯೇ, ಅಕ್ಕಪಕ್ಕ ಯಾರಿದ್ದಾರೆ ಎಂದು ಕೇಳಿದಳು. "ಭಾಳ ಸ್ವಚ್ಛ ಇಟ್ಟಾರವ್ವ, ಸಾಲಾಗಿ ಕಲ್ಲ ನಿಲ್ಲಿಸ್ಯಾರ," ಎಂದು ಅವನು ನೀರು ಕೇಳಿದ. ಗಲಿಲಾಯ ಸಮುದ್ರದ ಮೀನಿನ ರುಚಿಯನ್ನು ಊಟ ಮುಗಿಯುವವರೆಗೂ ವರ್ಣಿಸುವವನು ರಾಮ್ಲೆಯ ಮಾತಿಗೆ ಬಂದರೆ ಎರಡು ಮಾತಿಗಿಂತ ಮುಂದೆ ಹೋಗುತ್ತಿರಲಿಲ್ಲ. ಅಪ್ಪನ ಮಾತೆತ್ತಿದರೆ ಅಳು ಬರುತ್ತದೆ ಪಾಪ ಎಂದುಕೊಂಡಳು. ಘೋರ್ಪಡಿಯಲ್ಲಿ, ಯೆರವಡಾದಲ್ಲಿ ಅವನನ್ನು ಯಾತ್ರೆಯ ಕಥೆ ಹೇಳಲು ಕರೆದರು. ಜನ ಯೆರೂಸಲೇಮದ ಲೋಕನಾಥರಾಯರು ಎನ್ನತೊಡಗಿದರು. ಸ್ವರ್ಣಲತಾ ಕೋಟಿಗೆ ಇಸ್ತ್ರಿ ಹಾಕಿ ಹಾಕಿ ಕೊಡುವಳು.

ಮಳೆ ಹಿಡಿಯುವ ಮೊದಲು ಸತ್ಯಮಿತ್ರ ಅಯ್ಯನವರು ಬಂದರು. ಭಾನುವಾರ ಕರ್ತನ ಭೋಜನ ಎಂದರೆ ಹಿಂದಿನ ದಿನ ಮನೆಮನೆಯಲ್ಲಿ ಜಗಳ ತೀರಬೇಕು, ಇದು ಬೆಟಗೇರಿಯಿಂದ ಇವರು ಹೊತ್ತು ತಂದ ಪದ್ಧತಿ. ತಪ್ಪು ಮುಚ್ಚಿಟ್ಟುಕೊಂಡು, ಒಬ್ಬರ ಮೇಲೊಬ್ಬರು ಸಿಟ್ಟಿಟ್ಟುಕೊಂಡು ಆ ಭೋಜನದ ರೊಟ್ಟಿ ಮುಟ್ಟಬಾರದು. ಮಾಡಿ ಮಾಡಿ ಅದೂ ಸ್ನಾನದಂತೆ ಒಂದು ಕೆಲಸವಾಗಿತ್ತು. ಆ ಶನಿವಾರ ಪ್ರೇಮವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಗ ಲೋಕನಾಥ ಹೊಸ್ತಿಲಲ್ಲಿ ನಿಂತು, ನನ್ನ ಕಡೆಯಿಂದ ಏನು ತಪ್ಪಾಗಿದ್ದರೂ ಕ್ಷಮಿಸವ್ವ ಎಂದ. ಕ್ಷಮಿಸೀನಿ ಮಗಾ ಎಂದಳು ಇವಳು, ಕೈ ನಿಲ್ಲಿಸದೆ. ಸ್ವರ್ಣಲತಾ ಬಂದು ಅದನ್ನೇ ಹೇಳಿದಳು. ಅವಳಿಗೂ ಅದೇ ಉತ್ತರ ಸಿಕ್ಕಿತು.

ಸಂಜೆ ಲೋಕನಾಥ ಗುಡಿಯ ಕಡೆ ಹೋಗಿದ್ದಾಗ ಅಯ್ಯನವರು ಮನೆಗೆ ಬಂದರು. ಜೊತೆಗೆ ಲೀಲಾಕ್ಷಿಬಾಯಿ ಇದ್ದಳು, ಆಸ್ಪತ್ರೆಯ ನರ್ಸಬಾಯಿ, ಯಾತ್ರೆಗೆ ಹೋಗಿ ಬಂದವಳು. ಅವಳ ಅಣ್ಣನೂ ರಾಮ್ಲೆಯಲ್ಲೇ ಮಲಗಿದವನು. ಪ್ರೇಮವ್ವ ಚಹಾ, ಚುರಮರಿ ತಂದಿಟ್ಟಳು. ಅಯ್ಯನವರು ಬಶಿಗೆ ಚಹಾ ಸುರಿದುಕೊಂಡು, ಅವಳ ಕಡೆ ಬಹಳ ಮೆಚ್ಚುಗೆಯಿಂದ ನೋಡಿದರು.

"ಪ್ರೇಮವ್ವ, ನಿಮ್ಮ ಮಾತು ಬೆಳಗಾವಿ ಸಭಾದಾಗ ಪ್ರಸಂಗದೊಳಗ ಹೇಳಿದೆ. ಡಾಕ್ಟರು ಹೋಗ್ರಿ ಅಂದ ಮ್ಯಾಲೂ ಮಗನ ಸಲುವಾಗಿ ಜಾಗ ಬಿಟ್ಟು ಕೊಟ್ರಿ. ಭಾಳ ದೊಡ್ಡ ಮನಸು."

"ಡಾಕ್ಟರು ಬ್ಯಾಡ ಅಂದಿದ್ರಲ್ರಿ ಅಯ್ಯಾರ. ಕಣ್ಣು ಹೊಂಟಾವಂತ."

"ಯಾರಂದ್ರು? ನಿಮ್ಮ ವಯಸ್ಸಿಗೆ ಇಂಥಾ ಕಣ್ಣು ನಾ ನೋಡಿಲ್ಲ ಅಂತ ಬರದು ಕೊಟ್ಟಾರವರು. ಲೋಕನಾಥ ಬೆಳಗಾವಿಗೆ ಬಂದು ಹೇಳಿದ, ಅವ್ವ ಸಮುದ್ರಕ್ಕ ಅಂಜತಾಳ, ನಂಗ ಹೋಗಂತಾಳ ಅಂತ."

ಪ್ರೇಮವ್ವ ಅಡಿಗೆಮನೆಯ ಬಾಗಿಲ ಕಡೆ ನೋಡಿದಳು. ಸ್ವರ್ಣಲತಾ ಅಲ್ಲಿ ನಿಂತಿದ್ದಳು. ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಉಟ್ಟಿದ್ದ ಶಹಾಪುರದ ಸೀರೆ ಪ್ರೇಮವ್ವನಿಗೆ ಮೈಮೇಲೆ ಭಾರವಾಯಿತು.

ಲೀಲಾಕ್ಷಿಬಾಯಿಗೆ ಇದೊಂದೂ ತಿಳಿಯಲಿಲ್ಲ. ಅವಳು ಮಂಚದ ಮೇಲಿನ ಕೌದಿಯನ್ನು ಸವರುತ್ತಿದ್ದಳು. "ಈ ಮೂಲಿ ಹೊಲಿಗಿ ನಂದ ನೋಡ್ರಿ ಅವ್ವಾರ," ಎಂದಳು ನಗುತ್ತ. "ಬರೂ ಮುಂದ ಹಡಗದಾಗ ಲೋಕನಾಥರಾಯರು ಹೊಲದು ಕೊಡ್ರಿ ಅಂದ್ರು. ಒಳಗ ಮಣ್ಣಿತ್ತು. ಎಲ್ಲೀದಂತ ಕೇಳಿದ್ರ, ನಾವಿಳಕೊಂಡಿದ್ದ ಮನಿ ಅಂಗಳದ್ದು ಅಂದ್ರು."

"ಗೋರಿದಲ್ಲೇನು?"

"ಗೋರಿಗೆ ಅವರು ಬರಲಿಲ್ಲಲ್ರಿ." ಅವಳು ಗೋಡೆಯ ಫೋಟೋ ತೋರಿಸಿದಳು. "ನಾವು ಮೋಟಾರಿನಾಗ ರಾಮ್ಲೆಗೆ ಹೊಂಟ ದಿವಸಾನ ಈ ಫೋಟೋದಾವ ಬಂದಿದ್ದ. ನೀವು ಹೋಗ್ರಿ, ನಾ ಫೋಟೋ ತಗಸ್ಕೊಂಡು ನಾಳೆ ಹೋಗ್ತೀನಿ ಅಂದ್ರು ರಾಯರು. ನಾಳೆ ಮೋಟಾರ ಇರಲಿಲ್ಲ. ನಿಮ್ಮ ಯಜಮಾನರ ಕಲ್ಲು ನಾನ ಹುಡುಕಿ ಕೈ ಮುಗದೆ. ಹೆಸರು ಛಲೋತ್ನಂಗ ಕೆತ್ಯಾರ, ಬೆರಳಾಡಿಸಿ ನೋಡಿದೆ."

ಪ್ರೇಮವ್ವ ಲೀಲಾಕ್ಷಿಬಾಯಿಯ ಬಲಗೈ ಹಿಡಿದುಕೊಂಡಳು. ಯಾವ ಬೆರಳು ಎಂದು ಕೇಳಿದಳು. ಆ ಬೆರಳನ್ನು ಸ್ವಲ್ಪ ಹೊತ್ತು ತನ್ನ ಮುಷ್ಟಿಯಲ್ಲಿಟ್ಟುಕೊಂಡು, ಆಮೇಲೆ ಬಿಟ್ಟು, ಇನ್ನಷ್ಟು ಚಹಾ ಹಾಕಲೇ ಎಂದಳು. ಬಂದವರ ಮುಂದೆ ಮಗನ ಮಾನ ತೆಗೆಯುವುದು ಅವಳಿಂದ ಆಗಲಿಲ್ಲ.

ಮಗ ಬಂದ ಮೇಲೆ ಮಾತ್ರ ಬಿಡಲಿಲ್ಲ. ಅವನು ಕೋಟು ಬಿಚ್ಚುವಷ್ಟರಲ್ಲಿ ಕೇಳಿದಳು. ಮೊದಲು ಇಲ್ಲ ಎಂದ, ಆಮೇಲೆ ಲೀಲಾಕ್ಷಿಬಾಯಿಗೆ ನೆನಪು ಸರಿಯಿಲ್ಲ ಎಂದ, ಆಮೇಲೆ ಸ್ವರ್ಣಲತಾ ಒಳಗಿನಿಂದ ಬಂದು ಎಲ್ಲಾ ತಾನೇ ಹೇಳಿಕೊಟ್ಟದ್ದು ಎಂದಳು. ಯಾತ್ರೆ ಮಾಡಿ ಬಂದವರೆಂದರೆ ಕಚೇರಿಯ ಸಾಹೇಬರು ಹತ್ತಿರ ಕರೆಯುತ್ತಾರೆ, ಮುಂದೆ ಬಡ್ತಿಗೂ ಆದೀತು, ಮುದುಕರು ಹೋಗಿ ಬಂದು ಏನಾಗಬೇಕಿತ್ತು ಎಂದು ಅಳುತ್ತ ವಾದಿಸಿದಳು. ಇಂದೂ ಓದುತ್ತಿದ್ದ ಪುಸ್ತಕ ಮುಚ್ಚಿ ಅಪ್ಪನನ್ನೇ ನೋಡುತ್ತಿದ್ದಳು.

"ಜಾಗ ಬೇಕಿತ್ತಂದ್ರ ಕೇಳಿದ್ರ ಕೊಡತಿದ್ದೆ," ಎಂದಳು ಪ್ರೇಮವ್ವ. "ನನ್ನ ಕಣ್ಣ ಯಾಕ ಕಸಗೊಂಡಿ? ಮೂರು ತಿಂಗಳು ಕುರುಡಿ ಹಂಗ ಗ್ವಾಡಿ ಹಿಡದು ಅಡ್ಡ್ಯಾಡೀನಿ. ಇಬ್ಬರೂ ನೋಡಿದ್ರಿ. ನೋಡಕೋತ ಉಂಡ್ರಿ."

ಲೋಕನಾಥ ಅವಳ ಕಾಲ ಹತ್ತಿರ ಕೂತ. ಕ್ಷಮಿಸು ಎನ್ನುವನೆಂದು ಅವಳು ಕಾದಳು. ನಿಜ ಹೇಳಬೇಕೆಂದರೆ, ಅಷ್ಟಂದಿದ್ದರೆ ಆ ತಾಯಿ ಅಲ್ಲೇ ಸೋತು ಬಿಡುತ್ತಿದ್ದಳು. ಅವನು ಅಂದದ್ದು ಬೇರೆ.

"ಮುಂಜಾನೆ ಕ್ಷಮಿಸೀನಿ ಅಂದೀಯಲ್ಲವ್ವ. ಅದು ಮುಗದ್ಹೋತು. ನಾಳೆ ನೀ ಭೋಜನಕ್ಕ ಬರದಿದ್ರ ಮಂದಿ ಏನಂದಾರು, ನಾ ಹಿರಿಯ ಇದ್ದೀನಿ."

ಪ್ರೇಮವ್ವ ಅವನ ಬೈತಲೆ ನೋಡಿದಳು. ಚಿಕ್ಕಂದಿನಲ್ಲಿ ಎಣ್ಣೆ ಹಚ್ಚಿ ತಾನೇ ತೆಗೆಯುತ್ತಿದ್ದ ಬೈತಲೆ. ಒಂದೊಂದು ಕೂದಲೂ ಸ್ಪಷ್ಟ ಕಾಣುತ್ತಿತ್ತು.

"ನೀ ಹೇಳಿ ಕೇಳಿದ್ದಕ್ಕ ಕ್ಷಮಿಸೀನಿ," ಎಂದಳು. "ಹೇಳದ ಇಟ್ಟಿದ್ದು ಇನ್ನೂ ನಿನ್ನ ಕಡೀನ ಅದ."

ಭಾನುವಾರ ಅವಳು ಹಳೆಯ ಬಿಳಿ ಸೀರೆ ಉಟ್ಟು ಗುಡಿಗೆ ಹೋದಳು. ಭೋಜನಕ್ಕೆ ಗಂಡಸರ ಸಾಲು ಎದ್ದಿತು, ಆಮೇಲೆ ಹೆಂಗಸರದು. ಸ್ವರ್ಣಲತಾ ತಲೆ ತಗ್ಗಿಸಿಕೊಂಡು ಹೋಗಿ ಬಂದಳು. ಪ್ರೇಮವ್ವ ಏಳಲಿಲ್ಲ. ಲೋಕನಾಥ ರೊಟ್ಟಿಯ ತಟ್ಟೆ ಹಿಡಿದು ಅಯ್ಯನವರ ಪಕ್ಕದಲ್ಲಿ ನಿಂತಿದ್ದ. ಅಯ್ಯನವರು ಕೆಳಗಿಳಿದು ಬಂದು, ಯಾರ ಮೇಲೆ ಸಿಟ್ಟು ಪ್ರೇಮವ್ವ ಎಂದು ಮೆಲ್ಲಗೆ ಕೇಳಿದರು. ನನ್ನ ಬಾಯಿಂದ ಬೇಡ ಅಯ್ಯಾರೆ, ಹೇಳಬೇಕಾದವರು ಇಲ್ಲೇ ಇದ್ದಾರೆ ಎಂದಳು ಇವಳು. ಅಯ್ಯನವರು ತಿರುಗಿ ನೋಡಿದರು. ಗುಡಿಯವರೆಲ್ಲ ಅವರ ಕಣ್ಣು ಹೋದ ಕಡೆ ನೋಡಿದರು. ಲೋಕನಾಥನಿಗೆ ಬಾಯಿ ತೆರೆಯಲು ಹೊತ್ತು ಬೇಕಾದಷ್ಟಿತ್ತು.

ಎಲ್ಲರಿಗೂ ಆದ ಮೇಲೆ ತಟ್ಟೆ ಹಿಡಿದ ಹಿರಿಯನು ಕೊನೆಗೆ ತಾನು ತೆಗೆದುಕೊಳ್ಳುವುದು ಪದ್ಧತಿ. ಅಯ್ಯನವರು ಮೇಜಿನ ಹತ್ತಿರ ಹಿಂದಿರುಗುವ ಮೊದಲೇ ಲೋಕನಾಥ ತಟ್ಟೆಯಿಂದ ಒಂದು ಚೂರು ತೆಗೆದು ಬಾಯಿಗೆ ಹಾಕಿಕೊಂಡ. ಅವನು ಅಗಿಯುವುದನ್ನು, ಗಂಟಲಿನ ಮಣಿ ಏರಿ ಇಳಿಯುವುದನ್ನು ಪ್ರೇಮವ್ವ ಕೂತಲ್ಲಿಂದಲೇ ಕಂಡಳು. ಅವಳ ಮಟ್ಟಿಗೆ ಆ ಮಗ ಆಗ ಹೋದ. ಸುಳ್ಳು ಹೇಳಿದಾಗ ಹೋಗಿರಲಿಲ್ಲ.

ಮನೆಗೆ ಬಂದು ಎಲ್ಲರಿಗೂ ಬಡಿಸಿದಳು. ಲೋಕನಾಥ ಊಟದ ಪ್ರಾರ್ಥನೆ ಹೇಳಿದ, ಅವಳು ಆಮೆನ್ ಅನ್ನಲಿಲ್ಲ. ಊಟ ಮುಗಿಯುವ ಮೊದಲು ಕೌದಿ ತಂದು ಮಡಿಲಲ್ಲಿ ಹರಡಿಕೊಂಡು, ಯಾರ ಸಹಾಯವೂ ಇಲ್ಲದೆ, ಲೀಲಾಕ್ಷಿಬಾಯಿಯ ಸಣ್ಣ ಸಣ್ಣ ಹೊಲಿಗೆಗಳನ್ನು ಸೂಜಿಯ ತುದಿಯಿಂದ ಒಂದೊಂದಾಗಿ ಎಬ್ಬಿಸಿ ಬಿಚ್ಚಿದಳು. ಮಣ್ಣನ್ನು ಅಂಗೈಗೆ ಸುರಿದುಕೊಂಡಳು.

"ಅದೂ ಆ ದೇಶದ ಮಣ್ಣ ಅವ್ವ," ಎಂದ ಲೋಕನಾಥ. "ಪರಿಶುದ್ಧ ದೇಶದ್ದು."

"ಇರಬೋದು. ನಿಮ್ಮಪ್ಪ ಇದರಾಗ ಇಲ್ಲ."

ಅಂಗಳಕ್ಕೆ ಹೋಗಿ ಅದನ್ನು ಕರಿಬೇವಿನ ಬುಡಕ್ಕೆ ಹಾಕಿ ಕೈ ತೊಳೆದುಕೊಂಡು ಬಂದಳು. ಮರುದಿನ ಬೈಬಲನ್ನು ಮಾಡಿನಿಂದ ಇಳಿಸಿದಳು, ಕ್ಯಾಂಪಿನ ಹಳೆಯ ಮನೆಗಳಿಗೆ ಹೋಗಿ ಕೌದಿಯ ಕೆಲಸ ಕೇಳಿಕೊಂಡು ಬಂದಳು. ಆ ಕೌದಿಯನ್ನು ಮಾತ್ರ ಮತ್ತೆ ಹೊಲಿಯಲಿಲ್ಲ. ಹೊರಗಿನ ಖೋಲಿಯಲ್ಲಿ, ಒಂಟೆಯ ಫೋಟೋದ ಕೆಳಗಿನ ಮಂಚದ ಮೇಲೆ, ಬಿಚ್ಚಿದ ಮೂಲೆ ಬಾಗಿಲ ಕಡೆ ಕಾಣುವಂತೆ ಹಾಸಿದಳು. ಸ್ವರ್ಣಲತಾ ಎರಡು ಸಲ ತೆಗೆದಿಟ್ಟಳು, ಎರಡು ಸಲವೂ ಅದು ಮತ್ತೆ ಮಂಚಕ್ಕೆ ಬಂತು. ಯೆರೂಸಲೇಮದ ಲೋಕನಾಥರಾಯರನ್ನು ಕಾಣಲು ಬಂದವರು ಫೋಟೋ ನೋಡಿ, ಮಂಚದ ಮೇಲೆ ಕೂತು, ಇಷ್ಟು ಛಂದದ ಕೌದಿಗೆ ಒಂದು ಮೂಲೆ ಯಾಕೆ ಬಿಟ್ಟಿದ್ದೀರಿ ಎಂದು ಕೇಳುವರು. ಪ್ರೇಮವ್ವ ದಾರಕ್ಕೆ ಗಂಟು ಹಾಕುತ್ತ, ಕೈಯಲ್ಲಿದ್ದ ಬೇರೆಯವರ ಕೌದಿಯಿಂದ ಮುಖ ಎತ್ತದೆ ಹೇಳುವಳು:

"ಲೋಕಪ್ಪಗ ಕೇಳ್ರಿ. ಅಲ್ಲಿಗೆ ಹೋಗಿ ಬಂದಾವ ಅವನ."